ದೊಡ್ಡಪತ್ರೆ ರಸ: ಎಲೆ ಬಾಡಿಸಿ, ಸುಡಬೇಡಿ

ಮಳೆಗಾಲ ಶುರುವಾದರೆ ಮಕ್ಕಳ ಮೂಗು ಸೋರುವುದೂ ಶುರು. ಆಗ ಎಲ್ಲರಿಗೂ ಬಾಲ್ಕನಿ ಮೂಲೆಯ ದೊಡ್ಡಪತ್ರೆ ಕುಂಡ ನೆನಪಾಗುತ್ತದೆ. ಗಿಡ ಮನೆಮನೆಯಲ್ಲೂ ಇದೆ, ರಸ ತೆಗೆಯುವುದು ಮಾತ್ರ ಜಾಸ್ತಿ ಜನಕ್ಕೆ ಬರುವುದಿಲ್ಲ. ಕೆಲವರು ಹಸಿ ಎಲೆಯನ್ನೇ ಮಿಕ್ಸಿಗೆ ಹಾಕಿ, ಒಂದು ಲೋಟ ನೀರು ಸುರಿದು ತಿರುಗಿಸುತ್ತಾರೆ. ಇನ್ನು ಕೆಲವರು ಹಪ್ಪಳ ಸುಟ್ಟ ಹಾಗೆ ಸುಟ್ಟು ಕರಿ ಮಾಡುತ್ತಾರೆ. ಮಗು ಮೊದಲ ಗುಟುಕಿಗೇ ಉಗಿದರೆ ಬೈಸಿಕೊಳ್ಳುವುದು ಮಗು.

ಮೊದಲು ಗಿಡದ ವಿಷಯ. ಈಚೆಗೆ ಕೆಲವು ನರ್ಸರಿಗಳಲ್ಲಿ ಇದನ್ನೇ ‘ಅಜ್ವಾನ ಗಿಡ’ ಎಂದು ಮಾರುತ್ತಾರೆ. ಕೊಂಡವರು ಇವತ್ತಲ್ಲ ನಾಳೆ ಓಂಕಾಳು ಬಿಡುತ್ತದೆ ಎಂದು ಕಾಯುತ್ತಾರೆ. ಬಿಡುವುದಿಲ್ಲ. ಓಂಕಾಳಿನ ಗಿಡ ಕೊತ್ತಂಬರಿ, ಜೀರಿಗೆಯ ಬಳಗದ್ದು. ದೊಡ್ಡಪತ್ರೆ ತುಳಸಿ, ಪುದೀನದ ಬಳಗದ್ದು. ವಾಸನೆ ಒಂದೇ ಥರ ಇರುವುದು ಥೈಮಾಲ್, ಕಾರ್ವಕ್ರಾಲ್ ಎಂಬ ಅಂಶಗಳಿಂದ. ಈ ಘಮದ ಎಣ್ಣೆ ಎಲೆ ಮೇಲಿನ ನವಿರು ರೋಮಗಳಲ್ಲಿ ಇರುತ್ತದೆ. ಅದಕ್ಕೇ ಎಲೆಯನ್ನು ಸುಮ್ನೆ ಮುಟ್ಟಿದರೂ ಬೆರಳಿಗೆ ವಾಸನೆ ಅಂಟುತ್ತದೆ. ಕಾವು ಜಾಸ್ತಿಯಾದರೆ ಹಾರಿಹೋಗುವುದೂ ಇದೇ ಎಣ್ಣೆ.

ಎಲೆ ಕೀಳುವುದು ಸುಲಭ. ತುದಿಯ ಎಳೆ ಚಿಗುರು ಬೇಡ, ಬುಡದ ಹಳದಿ ಎಲೆಯೂ ಬೇಡ. ನಡುವಿನ ದಪ್ಪ ಎಲೆ ನಾಲ್ಕೈದು ಸಾಕು. ತೊಳೆದು ಬಟ್ಟೆಯಲ್ಲಿ ಒರೆಸಿ. ಒದ್ದೆ ಇದ್ದರೆ ಕಾವಲಿಯ ಮೇಲೆ ಚಟಪಟ ಎನ್ನುತ್ತಾ ಬೇಯುತ್ತದೆಯೇ ಹೊರತು ಬಾಡುವುದಿಲ್ಲ.

ಈಗ ಬಾಡಿಸುವುದು. ಎಡವುವುದೆಲ್ಲ ಇಲ್ಲೇ. ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿಡಿ. ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದರೆ ಬಿಸಿ ತಾಗಬೇಕು, ಆದರೆ ಕಾವಲಿಯಿಂದ ಹೊಗೆ ಏಳಬಾರದು. ಎಣ್ಣೆ, ತುಪ್ಪ ಏನೂ ಹಾಕಬೇಡಿ. ಎಲೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಅಂಗಾತವಾಗಿ. ಸ್ವಲ್ಪ ಹೊತ್ತಿಗೆ ಅಂಚು ಮೆತ್ತಗಾಗುತ್ತದೆ, ತಿಳಿಹಸಿರು ಹೋಗಿ ಮಂಕು ಕಡುಹಸಿರು ಬರುತ್ತದೆ. ಆಗ ಮಗುಚಿ. ಬಣ್ಣ ನಡುನರದವರೆಗೆ ಹಬ್ಬಿತು, ಎಲೆ ಎತ್ತಿದರೆ ಬಟ್ಟೆಯ ಹಾಗೆ ಜೋತುಬಿತ್ತು ಎಂದರೆ ಆಯಿತು, ತೆಗೆಯಿರಿ. ಹಸಿ ಎಲೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ಬಾಡಿದ ಎಲೆ ಮುರಿಯದೆ ಮಡಚುತ್ತದೆ. ಅನುಮಾನ ಇದ್ದರೆ ಹೀಗೆ ಮಡಚಿ ನೋಡಿ.

ಕಂದು ಚುಕ್ಕೆ ಕಂಡರೆ ತಡವಾಯಿತು ಎಂದೇ ಅರ್ಥ. ಒಂದೆರಡು ಚುಕ್ಕೆ ಪರವಾಗಿಲ್ಲ. ಅಂಚು ಕರಿಯಾದರೆ ಆ ಎಲೆ ಬಿಸಾಕಿ, ಇನ್ನೊಂದು ಕಿತ್ತು ತನ್ನಿ. ಗಿಡದಲ್ಲಿ ಎಲೆಗೇನು ಬರವೇ? ಒಲೆಯ ಉರಿಗೇ ನೇರ ಹಿಡಿಯುವವರಿದ್ದಾರೆ. ಕೈ ಪಳಗಿದ ಅಜ್ಜಿಯರಿಗೆ ಅದು ಸರಿ, ಹೊಸಬರಿಗೆ ಬೇಡ. ಮೈಕ್ರೋವೇವ್ ಅಂತೂ ಬೇಡವೇ ಬೇಡ, ಹದ ಕಣ್ಣಿಗೆ ಕಾಣುವುದೇ ಇಲ್ಲ.

ಬಿಸಿ ಸ್ವಲ್ಪ ಆರಿದ ಮೇಲೆ ಎಲೆಗಳನ್ನು ಒಟ್ಟಿಗೆ ಸುರುಳಿ ಸುತ್ತಿ, ಅಂಗೈಯಲ್ಲಿ ಹೊಸಕಿ, ಹಿಂಡಿ. ರಸ ತಾನಾಗಿ ತೊಟ್ಟಿಕ್ಕುತ್ತದೆ, ನೀರು ಬೆರೆಸುವ ಅಗತ್ಯವೇ ಇಲ್ಲ. ಒಂದು ಚಮಚದಷ್ಟು ಬಂದರೆ ಸಾಕು. ನಾರು ಬಿದ್ದಿದ್ದರೆ ಟೀ ಸೋಸುವ ಜರಡಿಯಲ್ಲಿ ಸೋಸಿ. ಆಗಿಂದಾಗ ಕುಡಿಸಿ, ಫ್ರಿಜ್ಜಿನಲ್ಲಿಟ್ಟು ನಾಳೆಗೆ ಎನ್ನಬೇಡಿ.

ಎಷ್ಟು ಕೊಡಬೇಕು? ನಾಲ್ಕೈದು ವರ್ಷದ ಮಗುವಿಗೆ ಅರ್ಧ ಚಮಚ ರಸ, ಅಷ್ಟೇ ಜೇನುತುಪ್ಪ, ದಿನಕ್ಕೆ ಒಂದು ಸಲ. ದೊಡ್ಡವರಿಗೆ ಒಂದು ಚಮಚ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಆರು ತಿಂಗಳೊಳಗಿನ ಕೂಸಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಈ ರಸವೂ ಬೇಡ. ಅತ್ತೆ ಹೇಳಿದರೂ ಬೇಡ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಔಷಧಿ ಅಂತ ರಸ ಕುಡಿಯಬೇಡಿ.

ಇನ್ನೊಂದು ಮಾತು. ಸಾಮಾನ್ಯ ನೆಗಡಿ ಏನೂ ಮಾಡದಿದ್ದರೂ ಒಂದು ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ದೊಡ್ಡಪತ್ರೆ ಗಂಟಲಿಗೆ ಹಿತ ಕೊಡುತ್ತದೆ, ಅಷ್ಟೇ. ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಜ್ವರ ಮೂರು ದಿನವಾದರೂ ಬಿಡದಿದ್ದರೆ ಎಲೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪಿತ್ತದ ಗಂಧೆ ಎದ್ದಾಗ ಹಸಿ ಎಲೆಯನ್ನೇ ಜಜ್ಜಿ ಮೈಗೆ ಹಚ್ಚುವ ರೂಢಿ ನಮ್ಮಲ್ಲಿದೆ. ಇದಕ್ಕೆ ಬಾಡಿಸುವುದು ಬೇಡ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ, ಉರಿ ಬಂದರೆ ತೊಳೆದುಬಿಡಿ. ಕೆರೆದು ಗಾಯವಾದ ಜಾಗಕ್ಕೆ ಹಚ್ಚಬಾರದು. ಗಂಧೆಯ ಜೊತೆ ತುಟಿಯೋ ನಾಲಗೆಯೋ ಊದಿಕೊಂಡರೆ, ಉಸಿರು ಕಟ್ಟಿದರೆ ಅದು ಮನೆಮದ್ದಿನ ಕೆಲಸವಲ್ಲ, ತಕ್ಷಣ ಆಸ್ಪತ್ರೆಗೆ.

ಅಂಗಡಿಯಲ್ಲಿ ಸಿಗುವ ಒಣ ಎಲೆಯ ಪುಡಿಗೆ ದುಡ್ಡು ಹಾಕಬೇಡಿ. ಪೊಟ್ಟಣ ಬಿಚ್ಚಿ ಮೂಸಿದರೆ ಒಣಹುಲ್ಲಿನ ವಾಸನೆ. ಬೀದಿ ಕೊನೆಯ ಮನೆಯವರನ್ನು ಕೇಳಿದರೆ ಒಂದು ಟೊಂಗೆ ಕೊಡುತ್ತಾರೆ, ಅಲ್ವಾ? ಗೇಣುದ್ದದ ಟೊಂಗೆಯ ಕೆಳಗಿನ ಎಲೆ ತೆಗೆದು ಮಣ್ಣಿಗೆ ಚುಚ್ಚಿದರೆ ಆಯಿತು. ನೀರು ಜಾಸ್ತಿ ಹಾಕಿದರೆ ಮಾತ್ರ ಬುಡ ಕೊಳೆಯುತ್ತದೆ.

ರಸ ಬೇಡವೇ ಬೇಡ ಎನ್ನುವ ಮಕ್ಕಳಿಗೆ ತಂಬುಳಿ ಇದೆ. ಹತ್ತು ಎಲೆಯನ್ನು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಹಿಡಿ ತೆಂಗಿನತುರಿ ಹಾಕಿ ನುಣ್ಣಗೆ ರುಬ್ಬಿ. ರುಬ್ಬಿದ್ದು ಪೂರ್ತಿ ತಣ್ಣಗಾದ ಮೇಲೆಯೇ ಮಜ್ಜಿಗೆ ಸೇರಿಸಿ, ಬಿಸಿಯಲ್ಲಿ ಸೇರಿಸಿದರೆ ಮಜ್ಜಿಗೆ ಒಡೆಯುತ್ತದೆ. ಮತ್ತೆ ಒಲೆಗೆ ಇಡಬೇಡಿ. ಮಜ್ಜಿಗೆ ಹುಳಿಯಾಗಿರಬಾರದು, ಒಗ್ಗರಣೆಗೆ ಇಂಗು ಬೇಡ; ಇಂಗು ಬಿದ್ದರೆ ದೊಡ್ಡಪತ್ರೆಯ ಘಮ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಮಾಡಿದ್ದನ್ನು ಬಿಸಿ ಅನ್ನಕ್ಕೆ ಕಲಸಿ ಮಧ್ಯಾಹ್ನವೇ ಮುಗಿಸಿ, ರಾತ್ರಿಗೆ ಹುಳಿ ಬರುತ್ತದೆ.