ಮೊದಲು ‘ಡಿ’ ಸರಿ ಮಾಡಿ: ಎರೆ, ಮಸಾರಿ ನೆಲದಲ್ಲಿ ಹಾಕಿ ಗ್ರೌಂಡ್ ಹಾಕುವ ಬಗೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರು ಸ್ಪೇನ್ ವಿರುದ್ಧ 2–1ರಿಂದ ಗೆದ್ದು ಕಂಚು ತಂದರಲ್ಲ, ಆ ಪಂದ್ಯದಲ್ಲಿ ಬಂದ ಗೋಲು ಒಟ್ಟು ಮೂರು. ಹರ್ಮನ್‌ಪ್ರೀತ್ ಸಿಂಗ್ ಹೊಡೆದ ಎರಡೂ ಪೆನಾಲ್ಟಿ ಕಾರ್ನರ್‌ನವು (ಗೋಲಿನ ಬದಿಯಿಂದ ತಳ್ಳಿದ ಚೆಂಡನ್ನು ಮುಂದೆ ನಿಂತವರು ತಡೆದು ಗೋಲಿಗೆ ಹೊಡೆಯುವುದು), ಸ್ಪೇನ್‌ನದು ಪೆನಾಲ್ಟಿ ಸ್ಟ್ರೋಕ್. ಟೋಕಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಆಸ್ಟ್ರೇಲಿಯಾವನ್ನು 1–0ಯಿಂದ ಸೋಲಿಸಿದ್ದೂ ಗುರ್ಜಿತ್ ಕೌರ್ ಹೊಡೆದ ಪೆನಾಲ್ಟಿ ಕಾರ್ನರ್‌ನಿಂದಲೇ. ಹಾಕಿಯಲ್ಲಿ ‘ಡಿ’ಯ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಂಥ ಜಾಗದ, ಹೊರಗಿನಿಂದ ಹೊಡೆದ ಚೆಂಡು ನೇರವಾಗಿ ಗೋಲಿಗೆ ಹೋದರೂ ಲೆಕ್ಕಕ್ಕಿಲ್ಲ. ಪಂದ್ಯ ತೀರ್ಮಾನವಾಗುವ ಜಾಗ ಅದೊಂದೇ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಶಾಲೆ ಅಂಗಳಗಳಲ್ಲಿ ಆಗುವುದು ಇದರ ತಿರುಗುಮುರುಗು. ಇಡೀ ಗ್ರೌಂಡಿಗೆ ಕುಂಟೆ ಹೊಡೆಸಿ, ಸುತ್ತಲೂ ಅಂದವಾಗಿ ಸುಣ್ಣ ಹಾಕಿ, ಹೊತ್ತು ಏರಿದ ಮೇಲೆ ‘ಡಿ’ಯನ್ನು ಅಂದಾಜಿನಲ್ಲಿ ಎಳೆದುಬಿಡುತ್ತಾರೆ. ಗೋಲಿನ ಮುಂದೆ ಗೋಲ್‌ಕೀಪರ್ ಕಾಲಿನಿಂದ ಬಿದ್ದ ತಗ್ಗು ಹಾಗೇ ಇರುತ್ತದೆ. ಹಣ, ನೀರು, ಆಳು ಯಾವುದೇ ಕಡಿಮೆ ಇದ್ದರೂ ಮೊದಲು ‘ಡಿ’ಗೆ ಖರ್ಚು ಮಾಡಿ, ಉಳಿದದ್ದು ನಡುವಿನ ಮೈದಾನಕ್ಕೆ. ಈ ಲೇಖನದ ಕ್ರಮವೂ ಅದೇ.

ಒಂದು ಪ್ರಶ್ನೆ ಪದೇಪದೇ ಬರುತ್ತದೆ: ಹುಡುಗಿಯರ ಟೀಮಿಗೆ ಅಳತೆ ಚಿಕ್ಕದು ಮಾಡಬೇಕೇ? ಬೇಡ. ಮಹಿಳೆಯರ ಹಾಕಿ ಒಲಿಂಪಿಕ್ಸ್‌ಗೆ ಬಂದದ್ದು 1980ರ ಮಾಸ್ಕೋದಲ್ಲಿ, ಏಷ್ಯನ್ ಗೇಮ್ಸ್‌ಗೆ 1982ರ ದೆಹಲಿಯಲ್ಲಿ. ಅಲ್ಲೆಲ್ಲ ಗ್ರೌಂಡ್, ಗೋಲು, ಚೆಂಡು ಪುರುಷರಿಗೂ ಮಹಿಳೆಯರಿಗೂ ಒಂದೇ. ನೀವೂ ಒಮ್ಮೆ ಗುರುತು ಹಾಕಿದರೆ ಎರಡೂ ಟೀಮಿಗೆ ಸಾಕು.

ಬೇಕಾದ ಸಾಮಾನು

100 ಮೀಟರ್ ಟೇಪು ಒಂದು, 30 ಮೀಟರ್ ಟೇಪು ಒಂದು. ಒಂದಡಿ ಉದ್ದದ ಕಬ್ಬಿಣದ ಗೂಟ ಇಪ್ಪತ್ತು, ಆರಿಂಚಿನ ಮೊಳೆ ಹತ್ತಿಪ್ಪತ್ತು, ಗಾರೆ ಕೆಲಸದವರ ದಾರದ ಉಂಡೆ ಎರಡು. ‘ಡಿ’ಯ ಕಂಸ ಎಳೆಯಲು ಮಾತ್ರ ನೈಲಾನ್ ಹಗ್ಗ ಬೇಡವೇ ಬೇಡ. ಎಳೆದಷ್ಟೂ ಹಿಗ್ಗುತ್ತದೆ, ಶುರುವಿನಲ್ಲಿ 14.63 ಮೀಟರ್ ಇದ್ದದ್ದು ಕೊನೆಗೆ 14.80 ಆಗಿರುತ್ತದೆ. ಟೇಪನ್ನೇ ಹಿಡಿದು ಎಳೆಯಿರಿ, ಇಲ್ಲವೇ ಬೈಂಡಿಂಗ್ ವೈರ್ ಬಳಸಿ.

ಗೆರೆಗೆ ಸೀಮೆಸುಣ್ಣದ ಪುಡಿ ಒಳ್ಳೆಯದು. ಗೋಡೆಗೆ ಹಚ್ಚುವ ಹರಳು ಸುಣ್ಣ ತರಬೇಡಿ. ಬೆವರು ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೇ ಓಡಬೇಕು. ಎಲ್ಲ ಗೆರೆ ಸೇರಿ ಸುಮಾರು 570 ಮೀಟರ್ ಉದ್ದ, ಅಗಲ 7.5 ಸೆಂ.ಮೀ., ಅಂದರೆ 43 ಚದರ ಮೀಟರ್. ಚದರ ಮೀಟರಿಗೆ ಒಂದು ಕಿಲೊ ಹಿಡಿದು, ಗಾಳಿಗೆ ಹಾರುವುದನ್ನೂ ಸೇರಿಸಿದರೆ 50 ಕಿಲೊ.

ಹೆಜ್ಜೆ 1: ದಿಕ್ಕು ಮತ್ತು ಚೌಕಟ್ಟು

ಉದ್ದ 91.40 ಮೀಟರ್, ಅಗಲ 55 ಮೀಟರ್. ಉದ್ದವನ್ನು ಉತ್ತರ–ದಕ್ಷಿಣಕ್ಕೆ ಇಡಿ. ಪೂರ್ವ–ಪಶ್ಚಿಮಕ್ಕೆ ಇಟ್ಟರೆ ಸಂಜೆ ಐದರ ಪಂದ್ಯದಲ್ಲಿ ಒಬ್ಬ ಗೋಲ್‌ಕೀಪರ್ ಇಡೀ ಹೊತ್ತು ಸೂರ್ಯನನ್ನೇ ನೋಡುತ್ತ ನಿಲ್ಲಬೇಕು. ಗೆರೆಯ ಆಚೆಗೂ ನಾಲ್ಕೈದು ಮೀಟರ್ ಖಾಲಿ ಜಾಗ ಇರಲಿ. ಕಾಂಪೌಂಡ್ ಗೋಡೆ, ಧ್ವಜಕಂಬದ ಕಟ್ಟೆ ಅದರೊಳಗೆ ಬಂದರೆ ಗ್ರೌಂಡನ್ನೇ ಸರಿಸಿ.

ಒಂದು ಬ್ಯಾಕ್‌ಲೈನ್‌ಗೆ, ಅಂದರೆ ಗೋಲು ನಿಲ್ಲುವ ಬದಿಯ ಗೆರೆಗೆ, 55 ಮೀಟರ್ ದಾರ ಎಳೆಯಿರಿ. ಮೂಲೆಯಲ್ಲಿ ಲಂಬ ಹಿಡಿಯಲು ಗಾರೆಯವರ 3–4–5 ಲೆಕ್ಕವೇ, ಆದರೆ ದೊಡ್ಡದಾಗಿ: 15, 20, 25 ಮೀಟರ್. ಮೂರು ಮೀಟರಿನಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ ಆಚೆ ತುದಿಯ ಹೊತ್ತಿಗೆ ಅದು 60 ಸೆಂ.ಮೀ. ಆಗಿರುತ್ತದೆ. ನಾಲ್ಕೂ ಮೂಲೆಗೆ ಗೂಟ ಬಡಿದ ಮೇಲೆ ಕರ್ಣ ಅಳೆಯಿರಿ. ಎರಡೂ 106.67 ಮೀಟರ್ ಬರಬೇಕು. ಎರಡು ಕರ್ಣ ಬೇರೆಬೇರೆ ಬಂದರೆ ಚೌಕಟ್ಟು ವಾರೆಯಾಗಿದೆ. ಎರಡೂ ಸಮ ಇದ್ದು 106.67 ಬಾರದಿದ್ದರೆ ಉದ್ದ ಅಥವಾ ಅಗಲ ಅಳೆಯುವಾಗಲೇ ತಪ್ಪಿದೆ. ನಮ್ಮ 100 ಮೀಟರ್ ಟೇಪು ಕರ್ಣಕ್ಕೆ ಸಾಲುವುದಿಲ್ಲ. ಅದಕ್ಕೆ ಅರ್ಧ ಗ್ರೌಂಡಿನ ಕರ್ಣ ನೋಡುವುದು ಸುಲಭ, ಅದು 71.51.

ಗೆರೆಯ ಅಗಲ ಈ ಅಳತೆಯ ಒಳಗೇ ಸೇರಿದೆ. ಪುಡಿಯನ್ನು ದಾರದ ಒಳಮಗ್ಗುಲಿಗೆ ಹಾಕಿ.

ಅಳತೆಯಲ್ಲಿ ಇಂಥ ವಿಚಿತ್ರ ಸಂಖ್ಯೆಗಳೇಕೆ ಎಂದು ಮಕ್ಕಳು ಕೇಳುತ್ತಾರೆ. ಹಳೆಯ ಗಜದ ಲೆಕ್ಕ ಮೀಟರಿಗೆ ತಿರುಗಿದ್ದು ಅಷ್ಟೆ: ಉದ್ದ 100 ಗಜ, ಅಗಲ 60 ಗಜ, ಗೋಲು 4 ಗಜ, ‘ಡಿ’ 16 ಗಜ. ಹಾಗೆ ಹೇಳಿಕೊಟ್ಟರೆ ನೆನಪಿನಲ್ಲೂ ಉಳಿಯುತ್ತದೆ.

ಹೆಜ್ಜೆ 2: ‘ಡಿ’ ಎಳೆಯುವುದು

ಇಲ್ಲಿ ಅವಸರ ಬೇಡ. ಟೇಪಿನ ಸೊನ್ನೆಯನ್ನು ಬ್ಯಾಕ್‌ಲೈನಿನ ಒಂದು ಮೂಲೆಗೆ ಇಟ್ಟು, ಟೇಪು ಎತ್ತದೆ ಒಂದೇ ಸಲಕ್ಕೆ ಈ ಗುರುತುಗಳನ್ನು ಹಾಕಿ:

11.04 ಮೀ. – ‘ಡಿ’ಯ ಕಂಸ ಬಂದು ಮುಟ್ಟುವ ಜಾಗ
15.62 ಮೀ. – ಪೆನಾಲ್ಟಿ ಕಾರ್ನರ್ ತಳ್ಳುವ 10 ಮೀಟರ್ ಗುರುತು
20.62 ಮೀ. – 5 ಮೀಟರ್ ಗುರುತು
25.67 ಮೀ. – ಗೋಲುಕಂಬದ ಒಳಮೈ
27.50 ಮೀ. – ಗೋಲಿನ ನಡು

ಟೇಪನ್ನು ಆಚೆ ಮೂಲೆಗೆ ಒಯ್ದು ಇದನ್ನೇ ಇನ್ನೊಮ್ಮೆ ಮಾಡಿ. ಎರಡು ಕಡೆಯ 27.50 ಒಂದೇ ಬಿಂದುವಿನಲ್ಲಿ ಕೂಡಬೇಕು.

ಈಗ ಕಂಸ. ಎಲ್ಲರೂ ಮಾಡುವ ತಪ್ಪು ಗೋಲಿನ ನಡುವೆ ಗೂಟ ನೆಟ್ಟು ಒಂದೇ ಅರ್ಧವೃತ್ತ ಸುತ್ತುವುದು. ಹಾಗೆ ಮಾಡಿದರೆ ‘ಡಿ’ ಎರಡೂ ಬದಿಗೆ 1.83 ಮೀಟರ್ ಕಡಿಮೆಯಾಗುತ್ತದೆ, ಅಂಚಿನಲ್ಲಿ ಹೊಡೆದ ನಿಜವಾದ ಗೋಲನ್ನು ಅಂಪೈರ್ ಒಪ್ಪುವುದಿಲ್ಲ. ಸರಿಯಾದ ಕ್ರಮದಲ್ಲಿ ಗೂಟ ಎರಡು. ಒಂದೊಂದು ಗೋಲುಕಂಬದ ಒಳಮೈ ಬ್ಯಾಕ್‌ಲೈನಿನ ಹೊರ ಅಂಚನ್ನು ಸೇರುವ ಬಿಂದುವಿನಲ್ಲಿ, ಅಂದರೆ ಎರಡೂ 25.67ರ ಗುರುತಿನಲ್ಲಿ ಗೂಟ ನೆಡಿ. ಎಡ ಗೂಟದಿಂದ 14.63 ಮೀಟರ್ ಹಿಡಿದು ಎಡಕ್ಕೆ ಕಾಲುವೃತ್ತ, ಬಲ ಗೂಟದಿಂದ ಬಲಕ್ಕೆ ಕಾಲುವೃತ್ತ. ಎರಡರ ತಲೆಯನ್ನು 3.66 ಮೀಟರ್ ನೇರ ಗೆರೆಯಿಂದ ಕೂಡಿಸಿ. ಕಂಸದ ಕಾಲು 11.04ಕ್ಕೆ ಬಂದು ಕೂತರೆ ಲೆಕ್ಕ ಸರಿ. 14.63 ಎಂಬುದು ಗೆರೆಯ ಹೊರ ಅಂಚಿಗೆ ಬರುವ ಅಳತೆ, ಇಲ್ಲೂ ಪುಡಿ ಒಳಗೇ.

ಅವೇ ಗೂಟಗಳಿಂದ 19.63 ಮೀಟರ್ ಹಿಡಿದು ತುಂಡು ಗೆರೆ: 30 ಸೆಂ.ಮೀ. ಗೆರೆ, 3 ಮೀಟರ್ ಬಿಡುವು, ಮತ್ತೆ 30 ಸೆಂ.ಮೀ. ‘ಡಿ’ಯ ಹತ್ತಿರದ ಫ್ರೀ ಹಿಟ್‌ನಲ್ಲಿ ಐದು ಮೀಟರ್ ದೂರ ನೋಡಲು ಅಂಪೈರ್‌ಗೆ ಇದೇ ಆಧಾರ. ಪೆನಾಲ್ಟಿ ಸ್ಟ್ರೋಕ್‌ನ ಬೊಟ್ಟು ಗೋಲು ಗೆರೆಯ ಒಳ ಅಂಚಿನಿಂದ 6.40 ಮೀಟರ್, ಅಡ್ಡಳತೆ 15 ಸೆಂ.ಮೀ. ಊಟದ ಡಬ್ಬಿಯ ಮುಚ್ಚಳ ಬೋರಲು ಹಾಕಿ ಸುತ್ತ ಗೀಚಿದರೆ ಆಯಿತು.

ಉಳಿದ ಗೆರೆ ಸಲೀಸು. ನಡುಗೆರೆ 45.70ಕ್ಕೆ, ಎರಡೂ ಕಡೆ ಬ್ಯಾಕ್‌ಲೈನಿನಿಂದ 22.90ಕ್ಕೆ ‘23 ಮೀಟರ್’ ಗೆರೆ. ಮೂಲೆಗೆ 1.20ರಿಂದ 1.50 ಮೀಟರ್ ಎತ್ತರದ ಬಾವುಟ.

ಅಂಗಳ ಚಿಕ್ಕದಾದರೆ ನಡುವಿನ ಉದ್ದ ಕಡಿಮೆ ಮಾಡಿ, ಅಗಲ ಕಡಿಮೆ ಮಾಡಿ, ‘ಡಿ’ ಮತ್ತು ಗೋಲನ್ನು ಮಾತ್ರ ಮುಟ್ಟಬೇಡಿ. 12 ಮೀಟರಿನ ‘ಡಿ’ಯಲ್ಲಿ ಕಲಿತ ಹುಡುಗಿ ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋದಾಗ ಪೆನಾಲ್ಟಿ ಕಾರ್ನರ್‌ನಲ್ಲಿ ಅವಳ ತಳ್ಳು, ‘ಡಿ’ಯಾಚೆ ಚೆಂಡು ತಡೆಯುವ ಸ್ಟಾಪರ್‌ವರೆಗೆ ಮುಟ್ಟುವುದೇ ಇಲ್ಲ.

ಹೆಜ್ಜೆ 3: ನೆಲ

ಸಂಡೂರು, ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಹೆಚ್ಚು ಕೆಲಸವಿಲ್ಲ. ಜಾಲಿಮುಳ್ಳು, ನೆಗ್ಗಿಲಮುಳ್ಳು ಆರಿಸಿ, ಕುಂಟೆ ಹೊಡೆದು ಬೆಣಚುಕಲ್ಲು ಎತ್ತಿ, ಹಿಂದಿನ ಸಂಜೆ ನೀರು ಚಿಮುಕಿಸಿ ಬೆಳಿಗ್ಗೆ ರೋಲರ್ ಎಳೆದರೆ ಚೆಂಡು ಓಡುತ್ತದೆ.

ಕಷ್ಟವಿರುವುದು ಸಿಂಧನೂರು, ಸಿರುಗುಪ್ಪ ಕಡೆಯ ಎರೆ (ಕಪ್ಪು ಮಣ್ಣಿನ) ನೆಲದಲ್ಲಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕಿಗೆ ಮಣ್ಣು ತುಂಬಿ ರೋಲರ್ ಎಳೆದರೆ ಒಂದು ಮಳೆಗೆ ಮತ್ತೆ ಏಳುತ್ತದೆ. ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ. ಬಿರುಕಿನ ಅಂಚಿಗೆ ಬಡಿದು ನೆಗೆದರೆ ನೇರ ಮುಖಕ್ಕೆ. ಎರೆ ನೆಲದ ‘ಡಿ’ಗೆ ಗರಸು (ಗಟ್ಟಿ ಹರಳುಮಣ್ಣು) ಹಾಕದೆ ದಾರಿಯಿಲ್ಲ.

ಒಂದು ‘ಡಿ’ಯ ವಿಸ್ತೀರ್ಣ 390 ಚದರ ಮೀಟರ್. 10 ಸೆಂ.ಮೀ. ಎರೆಮಣ್ಣು ತೆಗೆದು, ಗಟ್ಟಿಯಾದ ಮೇಲೆ 12 ಸೆಂ.ಮೀ. ನಿಲ್ಲುವಷ್ಟು ಗರಸು ತುಂಬಬೇಕು. ಅಷ್ಟಕ್ಕೆ 47 ಘನ ಮೀಟರ್. ಸಡಿಲ ಗರಸು ಕೂತಾಗ ಇಳಿಯುವುದರಿಂದ ಕಾಲುಪಾಲು ಹೆಚ್ಚು ತರಿಸಿ, 58. ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಇಪ್ಪತ್ತೊಂದು ಟ್ರಿಪ್. ಸುತ್ತಲಿಗಿಂತ ಎರಡು ಸೆಂಟಿಮೀಟರ್ ಎತ್ತರ ಇಡುವುದು ಯಾಕೆಂದರೆ, ಅಗೆದ ಎರೆಯ ತಳ ನೀರು ಇಂಗಿಸುವುದಿಲ್ಲ, ಸಮಮಟ್ಟಕ್ಕೆ ತುಂಬಿದರೆ ಮಳೆಗಾಲದಲ್ಲಿ ‘ಡಿ’ ಬಾನಿಯಾಗುತ್ತದೆ. ಎತ್ತರದ ಅಂಚನ್ನು ಹೊರಗೆ ಎರಡು ಮೀಟರ್‌ವರೆಗೆ ಇಳಿಜಾರಾಗಿ ಸವರಿ, ಇಲ್ಲವಾದರೆ ಓಡಿಬಂದವರು ಎಡವುತ್ತಾರೆ. ಖಾಲಿ ಜಾಗದಾಚೆ, ಗೋಲಿನ ಹಿಂದೆ ಒಂದು ಕಾಲುವೆ ಕಡಿದು ನೀರು ತಗ್ಗಿಗೆ ಬಿಡಿ.

ಗರಸು ಪರೀಕ್ಷೆ ಹೀಗೆ: ನೀರು ಹಾಕಿ ಕಲಸಿ, ಮುಷ್ಟಿಯಲ್ಲಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಿ. ಎರಡು ಮೂರು ಹೋಳಾದರೆ ಒಳ್ಳೆಯದು. ಪುಡಿಪುಡಿಯಾದರೆ ಎಂಟು ಹತ್ತು ಬುಟ್ಟಿಗೆ ಒಂದು ಬುಟ್ಟಿ ಎರೆಮಣ್ಣು ಸೇರಿಸಿ. ಉಂಡೆ ಹಾಗೇ ಕೂತರೆ ಜಿಗುಟು ಹೆಚ್ಚು, ಅದು ಬೇಡ. ಎರಡು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್ ಎಳೆಯಿರಿ. ಗೋಲುಕಂಬದ ಸುತ್ತ ರೋಲರ್ ತಿರುಗುವುದಿಲ್ಲ, ಅಲ್ಲಿ ದಮ್ಮಸು ಹೊಡೆಯಬೇಕು. ಮೇಲಿನ ಎರಡು ಸೆಂಟಿಮೀಟರಿಗೆ ಜರಡಿ ಹಿಡಿದ ಗರಸು ಮಾತ್ರ.

ಇಪ್ಪತ್ತೊಂದು ಟ್ರಿಪ್ ತರಿಸುವ ಶಕ್ತಿ ಎಲ್ಲ ಶಾಲೆಗೂ ಇರುವುದಿಲ್ಲ. ಹಾಗಿದ್ದರೆ ಎರಡು ಕಡೆ ಮಾತ್ರ ಹಾಕಿ. ಒಂದು, ಗೋಲಿನ ಮುಂದಿನ 8×5 ಮೀಟರ್ ಜಾಗ. ಇನ್ನೊಂದು, 10 ಮೀಟರ್ ಗುರುತಿನಿಂದ ‘ಡಿ’ಯ ತಲೆಯವರೆಗೆ ಓರೆಯಾಗಿ ಹೋಗುವ, ಎರಡು ಮೀಟರ್ ಅಗಲದ ಪಟ್ಟಿ. ಪೆನಾಲ್ಟಿ ಕಾರ್ನರ್‌ನ ತಳ್ಳು ಓಡುವ ದಾರಿ ಅದೇ, ಉದ್ದ ಸುಮಾರು 19 ಮೀಟರ್. ನಿಮ್ಮ ಟೀಮು ಯಾವ ಬದಿಯಿಂದ ತಳ್ಳುತ್ತದೋ ಆ ಬದಿಗೆ ಹಾಕಿ. ನಾಲ್ಕೈದು ಟ್ರಿಪ್ಪಿನಲ್ಲಿ ಮುಗಿಯುತ್ತದೆ. ಮುಂದಿನ ವರ್ಷ ಇನ್ನೊಂದು ಬದಿ.

ನೀರಿನ ಲೆಕ್ಕವನ್ನೂ ನೋಡಿ. ಐದು ಮಿಲಿಮೀಟರಿನಷ್ಟು ಚಿಮುಕಿಸಲು ಎರಡೂ ‘ಡಿ’ಗೆ 3,900 ಲೀಟರ್, 5,000 ಲೀಟರಿನ ಒಂದು ಟ್ಯಾಂಕರ್. ಇಡೀ ಗ್ರೌಂಡಿಗೆ ಅಂಥ ಐದು. ಟಿ.ವಿ.ಯಲ್ಲಿ ಪಂದ್ಯಕ್ಕೆ ಸ್ವಲ್ಪ ಮುಂಚೆ ಟರ್ಫ್‌ಗೆ ನೀರು ಹೊಡೆಯುವುದನ್ನು ನೋಡಿ ಇಲ್ಲೂ ಹಾಗೆ ಮಾಡಿದರೆ ಕೆಸರಾಗುತ್ತದೆ. ಮಣ್ಣಿಗೆ ಹಿಂದಿನ ಸಂಜೆಯೇ ನೀರು.

ಹೆಜ್ಜೆ 4: ಗೋಲು

ವೆಲ್ಡಿಂಗ್ ಶಾಪಿನವರಿಗೆ ಕೊಡಬೇಕಾದ ಅಳತೆ: ಎರಡಿಂಚಿನ, ಅಂದರೆ 50 ಮಿ.ಮೀ. ಚೌಕ ಪೈಪು, ಕಂಬಗಳ ನಡುವಿನ ಒಳ ಅಂತರ 3.66 ಮೀಟರ್, ನೆಲದಿಂದ ಅಡ್ಡಪಟ್ಟಿಯ ತಳದವರೆಗೆ 2.14 ಮೀಟರ್. ‘ಒಳ ಅಂತರ’ ಎಂದು ಒತ್ತಿ ಹೇಳಿ, ಇಲ್ಲದಿದ್ದರೆ ಹೊರಗಿನಿಂದ ಅಳೆದು 10 ಸೆಂ.ಮೀ. ಕಡಿಮೆ ಮಾಡಿ ಕೊಡುತ್ತಾರೆ. ಕಂಬಕ್ಕೆ ಬಿಳಿ ಬಣ್ಣ. ಹೊತ್ತೊಯ್ಯುವ ಗೋಲಾದರೆ ಹಿಂದಿನ ಪೈಪಿನ ಮೇಲೆ ಮರಳಿನ ಚೀಲ ಹೇರಲೇಬೇಕು. ಮಕ್ಕಳು ಅಡ್ಡಪಟ್ಟಿಗೆ ಜೋತುಬಿದ್ದಾಗ ಗೋಲು ಮಗುಚುತ್ತದೆ.

ಹಿಂಬದಿಯ ಹಲಗೆಯನ್ನು ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ. ಅದರ ಎತ್ತರ 46 ಸೆಂ.ಮೀ., ಮತ್ತು ಆ ಎತ್ತರದ ಮೇಲೆ ನಿಯಮವೇ ನಿಂತಿದೆ: ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಹೊಡೆತ ‘ಹಿಟ್’ ಆಗಿದ್ದರೆ ಚೆಂಡು ಅದಕ್ಕಿಂತ ಮೇಲೆ ಗೋಲು ಗೆರೆ ದಾಟುವಂತಿಲ್ಲ, ಕೋಲಿನಿಂದ ಎತ್ತಿ ಚಿಮ್ಮಿಸುವ ಫ್ಲಿಕ್‌ಗೆ ಆ ಮಿತಿಯಿಲ್ಲ. ಹಲಗೆಗೆ ಬಡಿದ ಸಪ್ಪಳವೇ ತೀರ್ಪು. ಹಲಗೆ ಇಲ್ಲದ ಕಡೆ ಎರಡೂ ಟೀಮಿನವರು ಅಂಪೈರ್ ಸುತ್ತ ನೆರೆಯುತ್ತಾರೆ. 8×4 ಅಡಿಯ ಮೂರು ಪ್ಲೈವುಡ್ ಶೀಟಿನಲ್ಲಿ ಎರಡೂ ಗೋಲಿಗೆ ಆಗುತ್ತದೆ. ಪ್ರತಿ ಶೀಟಿನಿಂದ ಉದ್ದಕ್ಕೆ 46 ಸೆಂ.ಮೀ. ಅಗಲದ ಎರಡು ಪಟ್ಟಿ ಕೊಯ್ಯಿರಿ. ಹಿಂದಿನ 3.66 ಮೀಟರಿಗೆ ಒಂದೂವರೆ ಪಟ್ಟಿ, ಎರಡು ಬದಿಯ 1.20 ಮೀಟರಿಗೆ ಅರ್ಧರ್ಧ. ಒಂದು ಗೋಲಿಗೆ ಎರಡೂವರೆ ಪಟ್ಟಿ, ಎರಡಕ್ಕೆ ಐದು, ಒಂದು ಮಿಗುತ್ತದೆ. ಒಳಮೈಗೆ ಗಾಢ ಬಣ್ಣ ಹಚ್ಚಿ.

ಹೆಜ್ಜೆ 5: ಪೆನಾಲ್ಟಿ ಕಾರ್ನರ್ ಹಾಕಿ ನೋಡುವುದು

ಗುರುತು ಸರಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ತಳ್ಳುವವರು 10 ಮೀಟರ್ ಗುರುತಿನಲ್ಲಿ, ಒಂದು ಪಾದವಾದರೂ ಗೆರೆಯ ಹೊರಗೆ ಇಟ್ಟು ನಿಲ್ಲಲಿ. ಗೋಲ್‌ಕೀಪರ್ ಸೇರಿ ಐವರು ಬ್ಯಾಕ್‌ಲೈನಿನ ಹಿಂದೆ, ರಕ್ಷಣೆಯ ಉಳಿದವರು ನಡುಗೆರೆಯಾಚೆ. ಚೆಂಡು ‘ಡಿ’ಯಿಂದ ಹೊರಗೆ ಹೋಗಿ ಬಂದ ಮೇಲೆಯೇ ಗೋಲಿಗೆ ಹೊಡೆಯಬೇಕು. ಹತ್ತು ಸಲ ತಳ್ಳಿಸಿ. ಚೆಂಡು ಒಂದೇ ಜಾಗದಲ್ಲಿ ಎರಡು ಮೂರು ಸಲ ನೆಗೆದರೆ ಅಲ್ಲಿ ಕಲ್ಲಿದೆ, ಕೆದಕಿ ತೆಗೆಯಿರಿ. ಪ್ರತಿ ಸಲ ಒಂದೇ ಬದಿಗೆ ವಾಲಿದರೆ ರೋಲರ್‌ನ ಅಂಚು ಬಿಟ್ಟ ಏಣು ಇರುತ್ತದೆ, ಅಡ್ಡಡ್ಡ ಎಳೆದರೆ ಹೋಗುತ್ತದೆ.

23 ಮೀಟರ್ ಗೆರೆಯಿಂದ ‘ಡಿ’ವರೆಗಿನ ನಡುಭಾಗವನ್ನೂ ಒಮ್ಮೆ ಓಡಿ ನೋಡಿ. ಪ್ಯಾರಿಸ್‌ನಲ್ಲಿ ಪುರುಷರ ಫೈನಲ್, ಮಹಿಳೆಯರ ಫೈನಲ್ ಎರಡನ್ನೂ ನೆದರ್ಲೆಂಡ್ಸ್ ಗೆದ್ದದ್ದು ಶೂಟೌಟ್‌ನಲ್ಲಿ (ಸಮಬಲವಾದ ಪಂದ್ಯದ ತೀರ್ಮಾನಕ್ಕೆ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಚೆಂಡು ತರುವುದು). ಶೂಟೌಟ್ ಶುರುವಾಗುವುದು ಆ ಗೆರೆಯಿಂದ, ಸಿಗುವುದು ಎಂಟೇ ಸೆಕೆಂಡು. ಅಲ್ಲಿ ತಗ್ಗಿದ್ದರೆ ಎಂಟು ಸೆಕೆಂಡು ಚೆಂಡು ಹಿಡಿಯುವುದರಲ್ಲೇ ಹೋಗುತ್ತದೆ.

ಆಮೇಲೆ

ಪುಡಿ ಹಾಕುವ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಜೂನ್‌ನಿಂದ ಪಡುವಣ ಗಾಳಿ ಎದ್ದಾಗ ಒಣನೆಲಕ್ಕೆ ಹಾಕಿದ ಗೆರೆ ಮಧ್ಯಾಹ್ನಕ್ಕೆ ಇರುವುದಿಲ್ಲ. ದಾರದ ಉದ್ದಕ್ಕೂ ಮೊದಲು ನೀರು ಚಿಮುಕಿಸಿ, ತೇವದ ಮೇಲೆ ಪುಡಿ ಬಿಡಿ. ಮಳೆ ನಿಂತ ಮೇಲೆ ಎರೆ ನೆಲಕ್ಕೆ ಎರಡು ದಿನ ಯಾರನ್ನೂ ಬಿಡಬೇಡಿ. ಹಸಿಯಲ್ಲಿ ಮೂಡಿದ ಹೆಜ್ಜೆ ಒಣಗಿದ ಮೇಲೆ ಕಲ್ಲಿನಂತಾಗಿ ಕಾಲು ಉಳುಕಿಸುತ್ತದೆ.

ಗೂಟ ಕೀಳುವ ಮುಂಚೆ ನಾಲ್ಕು ಮೂಲೆ, ನಾಲ್ಕು ಗೋಲುಕಂಬದ ಬಿಂದು, ನಡುಗೆರೆಯ ಎರಡು ತುದಿಗೆ ಆರಿಂಚಿನ ಮೊಳೆಯನ್ನು ಕೆಂಪು ಬಟ್ಟೆ ಸುತ್ತಿ, ತಲೆ ನೆಲದಿಂದ ಮೂರು ಬೆರಳು ಕೆಳಗೆ ಇಳಿಯುವಂತೆ ಬಡಿದು ಮಣ್ಣು ಮುಚ್ಚಿ. ಯಾವ ಮೊಳೆ ಗೋಡೆಯಿಂದ ಎಷ್ಟು ದೂರ ಎಂದು ಕ್ರೀಡಾ ಸಾಮಗ್ರಿಯ ರಿಜಿಸ್ಟರಿನ ಕೊನೆ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಕರ್ಣ ಅಳೆಯುವ ಕೆಲಸವೇ ಇರುವುದಿಲ್ಲ, ಮೊಳೆಯಿಂದ ಮೊಳೆಗೆ ದಾರ ಕಟ್ಟಿ ನೇರ ಪುಡಿ ಹಾಕಬಹುದು.