ವೆಬ್‌ಸೈಟಿಗೆ ಡ್ರಾಪ್‌ಡೌನ್ ಮೆನು: ಕೋಡ್ ಮುಟ್ಟದೇ ಮಾಡುವುದು ಹೇಗೆ?

ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ರೆಡಿ ಥೀಮ್ (ಸಿದ್ಧ ವಿನ್ಯಾಸ) ಒಂದನ್ನು ಹಾಕಿಕೊಂಡು ವೆಬ್‌ಸೈಟ್ ಮಾಡುವುದು ಈಗ ದೊಡ್ಡ ಕೆಲಸವೇನಲ್ಲ. ಪುಟಗಳು ಐದಾರು ಇರುವವರೆಗೆ ಮೆನು ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನೈದು ದಾಟಲಿ, ಆಗ ಗೊತ್ತಾಗುತ್ತದೆ. ಮೇಲಿನ ಸಾಲು ತುಂಬಿ ಎರಡನೇ ಸಾಲಿಗೆ ಇಳಿಯುತ್ತದೆ, ಲೋಗೋ ಪಕ್ಕಕ್ಕೆ ಸರಿಯುತ್ತದೆ, ಬಂದವರಿಗೆ ಎಲ್ಲಿ ಒತ್ತಬೇಕೋ ತಿಳಿಯುವುದಿಲ್ಲ. ಒಂದು ಹೆಸರಿನ ಕೆಳಗೆ ಉಳಿದವು ಪಟ್ಟಿಯಾಗಿ ಬಿಚ್ಚಿಕೊಳ್ಳುವ ಡ್ರಾಪ್‌ಡೌನ್ ಮೆನು ಬೇಕಾಗುವುದು ಆಗಲೇ. ಇದಕ್ಕೆ ಕೋಡ್ ಬರೆಯಬೇಕಾಗಿಲ್ಲ. ಥೀಮ್‌ನಲ್ಲೇ ಎಲ್ಲ ಇರುತ್ತದೆ. ಎಲ್ಲಿದೆ ಅನ್ನೋದೇ ಸ್ವಲ್ಪ ಗೊಂದಲ.

ಉದಾಹರಣೆಗೆ ಒಂದು ಕನ್ನಡ ಸಂಘದ ವೆಬ್‌ಸೈಟ್ ಇದೆ ಎಂದುಕೊಳ್ಳೋಣ.

ಮೊದಲು ಪೆನ್ನು, ಕಾಗದ

ಕಂಪ್ಯೂಟರ್ ಆಮೇಲೆ. ಮೊದಲು ಎಲ್ಲ ಪುಟಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಂತರ ಗುಂಪು ಮಾಡಿ. 'ನಮ್ಮ ಸಂಘ' ಕೆಳಗೆ ಇತಿಹಾಸ, ಕಾರ್ಯಕಾರಿ ಸಮಿತಿ, ಸದಸ್ಯತ್ವ. 'ಕಾರ್ಯಕ್ರಮಗಳು' ಕೆಳಗೆ ಯುಗಾದಿ, ರಾಜ್ಯೋತ್ಸವ, ನಾಟಕ. 'ಕನ್ನಡ ಕಲಿ' ಕೆಳಗೆ ಮಕ್ಕಳ ತರಗತಿ, ದೊಡ್ಡವರ ತರಗತಿ. 'ಸಂಪರ್ಕ'ದ ಕೆಳಗೆ ಏನೂ ಬೇಡ. ಜನ ಜಾಸ್ತಿ ಹುಡುಕುವುದು ಅದನ್ನೇ, ಸುಮ್ನೆ ಒಳಗೆ ಬಚ್ಚಿಡಬೇಡಿ.

ಸಂಘಗಳ ವೆಬ್‌ಸೈಟ್‌ಗಳಲ್ಲಿ ಒಂದು ಚಾಳಿ ಇರುತ್ತದೆ. ರಾಜ್ಯೋತ್ಸವ 2021, ರಾಜ್ಯೋತ್ಸವ 2022, ರಾಜ್ಯೋತ್ಸವ 2023 ಎಂದು ವರ್ಷಕ್ಕೊಂದು ಪುಟ ಮಾಡಿ, ಎಲ್ಲವನ್ನೂ ಮೆನುಗೆ ತೂಗುಹಾಕುತ್ತಾರೆ. ನಾಲ್ಕು ವರ್ಷಕ್ಕೆ ಮೆನು ಪರದೆಯ ಅರ್ಧಕ್ಕೆ ಬಂದಿರುತ್ತದೆ. ಇದರ ಬದಲು 'ರಾಜ್ಯೋತ್ಸವ' ಎಂಬ ಒಂದು ಕೆಟಗರಿ ಮಾಡಿ. ಪ್ರತಿ ವರ್ಷದ ವರದಿಯನ್ನು ಪೋಸ್ಟ್ ಆಗಿ ಬರೆದು ಆ ಕೆಟಗರಿಗೆ ಸೇರಿಸಿ. ಮೆನುವಿನಲ್ಲಿ ಕೆಟಗರಿಯ ಕೊಂಡಿ ಒಂದೇ ಸಾಕು. ಹೊಸ ವರದಿ ತಾನಾಗಿಯೇ ಮೇಲೆ ಬಂದು ಕೂರುತ್ತದೆ, ಮೆನು ಮುಟ್ಟುವ ಕೆಲಸವೇ ಇಲ್ಲ.

ಇನ್ನೊಂದು ಮಾತು. ಡ್ರಾಪ್‌ಡೌನ್ ಒಳಗೆ ಮತ್ತೊಂದು ಡ್ರಾಪ್‌ಡೌನ್ ಮಾಡಲು ಸಾಧ್ಯವಿದೆ. ಆದರೆ ಮಾಡಬೇಡಿ. ಮೌಸ್ ಸ್ವಲ್ಪ ಓರೆಯಾಗಿ ಹೋದರೂ ತೆರೆದದ್ದೆಲ್ಲ ಪಟ್ಟನೆ ಮುಚ್ಚಿಕೊಳ್ಳುತ್ತದೆ. ವಯಸ್ಸಾದವರಿಗೆ ಅದಂತೂ ಹಿಂಸೆ. ಒಂದು ಹಂತ ಸಾಕಾಗುತ್ತಿಲ್ಲ ಎಂದರೆ ಪುಟಗಳನ್ನೇ ಕಡಿಮೆ ಮಾಡಬೇಕು.

ನಿಮ್ಮ ಥೀಮ್ ಯಾವ ಜಾತಿ?

ಬಹಳ ಜನ ಸಿಕ್ಕಿಬೀಳುವ ಜಾಗ ಇದು. ಯೂಟ್ಯೂಬ್ ವಿಡಿಯೊದಲ್ಲಿ 'ಅಪಿಯರೆನ್ಸ್' ಒಳಗೆ 'ಮೆನೂಸ್' ಒತ್ತಿ ಎನ್ನುತ್ತಾರೆ. ನಿಮ್ಮಲ್ಲಿ ನೋಡಿದರೆ ಆ 'ಮೆನೂಸ್' ಇರುವುದೇ ಇಲ್ಲ! ತಪ್ಪು ನಿಮ್ಮದಲ್ಲ, ವಿಡಿಯೊ ಹಳೆಯದು ಅಷ್ಟೇ.

ವರ್ಡ್‌ಪ್ರೆಸ್ ಶುರುವಾಗಿದ್ದು 2003ರಲ್ಲಿ. ಮೊದಲ ಏಳು ವರ್ಷ ಅದರಲ್ಲಿ ಮೆನು ಕಟ್ಟುವ ಪರದೆಯೇ ಇರಲಿಲ್ಲ. ಇರುವ ಪುಟಗಳನ್ನೆಲ್ಲ ಥೀಮ್ ತಾನೇ ಸಾಲಾಗಿ ತೋರಿಸುತ್ತಿತ್ತು. ಬೇರೆ ಥರ ಬೇಕೆಂದರೆ ಥೀಮ್‌ನ ಫೈಲಿಗೆ ಕೈಹಾಕಬೇಕಿತ್ತು. 2010ರ ಜೂನ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ 'ಮೆನೂಸ್' ಪರದೆ ಬಂತು. ಆಮೇಲೆ 2022ರ ಜನವರಿಯಲ್ಲಿ 5.9 ಆವೃತ್ತಿ ಬಂದು ಲೆಕ್ಕ ಬದಲಾಯಿತು. ಪುಟದ ಮೇಲ್ತುದಿಯ ತಲೆಬರಹದ ಪಟ್ಟಿಯಿಂದ (ಹೆಡರ್) ಅಡಿಬರಹದವರೆಗೆ ಎಲ್ಲವನ್ನೂ ಬ್ಲಾಕ್‌ಗಳಿಂದ, ಅಂದರೆ ಜೋಡಿಸಬಹುದಾದ ಬಿಡಿ ತುಂಡುಗಳಿಂದ, ಕಟ್ಟುವ 'ಬ್ಲಾಕ್ ಥೀಮ್'ಗಳು ಆಗ ಬಂದವು. ಅವುಗಳಲ್ಲಿ ಮೆನು ಕೂಡ ಒಂದು ಬ್ಲಾಕ್. ಹೆಸರು 'ನ್ಯಾವಿಗೇಶನ್'. ಹಳೆಯ ರೀತಿಯವಕ್ಕೆ 'ಕ್ಲಾಸಿಕ್ ಥೀಮ್' ಎಂಬ ಹೆಸರು ಬಿತ್ತು.

ನಿಮ್ಮದು ಯಾವುದು ಎಂದು ತಿಳಿಯಲು ಡ್ಯಾಶ್‌ಬೋರ್ಡ್‌ನಲ್ಲಿ 'ಅಪಿಯರೆನ್ಸ್' ಮೇಲೆ ಮೌಸ್ ಇಡಿ. 'ಮೆನೂಸ್' ಕಂಡರೆ ಕ್ಲಾಸಿಕ್. ಅದಿಲ್ಲದೆ 'ಎಡಿಟರ್' ಕಂಡರೆ ಬ್ಲಾಕ್.

ಕ್ಲಾಸಿಕ್ ಥೀಮ್ ಆದರೆ

'ಮೆನೂಸ್' ತೆರೆದು ಹೊಸ ಮೆನು ಸೃಷ್ಟಿಸಿ, ಒಂದು ಹೆಸರು ಕೊಡಿ. ಈ ಹೆಸರು ನಿಮಗೆ ಮಾತ್ರ ಕಾಣುವುದು, ಏನು ಬೇಕಾದರೂ ಇಡಬಹುದು.

ಎಡಗಡೆ ಪುಟಗಳು, ಪೋಸ್ಟ್‌ಗಳು, ಕಸ್ಟಮ್ ಲಿಂಕ್, ಕೆಟಗರಿ ಎಂಬ ಡಬ್ಬಿಗಳಿರುತ್ತವೆ. ಬೇಕಾದ್ದಕ್ಕೆ ಟಿಕ್ ಹಾಕಿ 'ಆ್ಯಡ್ ಟು ಮೆನು' ಒತ್ತಿ. ಅವೆಲ್ಲ ಬಲಗಡೆ ಒಂದರ ಕೆಳಗೊಂದು ಬಂದು ಕೂರುತ್ತವೆ. ಯಾವುದಾದರೂ ಡಬ್ಬಿ ಕಾಣದಿದ್ದರೆ ಪುಟದ ಮೇಲ್ತುದಿಯ 'ಸ್ಕ್ರೀನ್ ಆಪ್ಶನ್ಸ್' ನೋಡಿ, ಅಲ್ಲಿ ಟಿಕ್ ಹಾಕಿದರೆ ಬರುತ್ತದೆ.

ಇನ್ನು ಡ್ರಾಪ್‌ಡೌನ್. 'ಇತಿಹಾಸ' ಎಂಬುದನ್ನು ಮೌಸ್‌ನಿಂದ ಹಿಡಿದು 'ನಮ್ಮ ಸಂಘ'ದ ಕೆಳಗೆ ತನ್ನಿ. ಬಿಡುವ ಮೊದಲು ಸ್ವಲ್ಪ ಬಲಕ್ಕೆ ಎಳೆಯಿರಿ. ಚುಕ್ಕೆಗೆರೆಯ ಚೌಕವೂ ಬಲಕ್ಕೆ ಸರಿದ ಮೇಲೆ ಬಿಡಿ. ಹೆಸರಿನ ಪಕ್ಕ 'ಸಬ್ ಐಟಂ' ಎಂದು ಬಂದರೆ ಕೆಲಸ ಆಯಿತು. ಎಳೆಯಲು ಕೈ ಸಾಗದಿದ್ದರೆ ಆ ಐಟಂನ ಬಲತುದಿಯ ಬಾಣ ಒತ್ತಿ ತೆರೆಯಿರಿ. ಮೇಲೆ, ಕೆಳಗೆ, ಇಂಥದ್ದರ ಅಡಿಯಲ್ಲಿ ಎಂದು ಸರಿಸುವ ಕೊಂಡಿಗಳು ಅಲ್ಲಿವೆ.

'ನಮ್ಮ ಸಂಘ' ಎಂಬ ಪುಟವೇ ಇಲ್ಲ, ಅದು ಬರೀ ತಲೆಬರಹ ಅಂದರೆ? 'ಕಸ್ಟಮ್ ಲಿಂಕ್' ತೆರೆದು ವಿಳಾಸದ ಜಾಗದಲ್ಲಿ ಬರೀ ಹ್ಯಾಶ್ ಗುರುತು (#) ಹಾಕಿ, ಹೆಸರು ಬರೆದು ಸೇರಿಸಿ. ಒತ್ತಿದರೆ ಬೇರೆ ಪುಟಕ್ಕೆ ಹೋಗುವುದಿಲ್ಲ, ಕೆಳಗಿನ ಪಟ್ಟಿಗೆ ಆಸರೆಯಾಗಿ ನಿಲ್ಲುತ್ತದೆ.

ಕೊನೆಗೆ ಕೆಳಗಿರುವ 'ಡಿಸ್ಪ್ಲೇ ಲೊಕೇಶನ್'ನಲ್ಲಿ 'ಪ್ರೈಮರಿ' ಅಥವಾ ಥೀಮ್ ಕೊಟ್ಟ ಅಂಥದೇ ಹೆಸರಿಗೆ ಟಿಕ್ ಹಾಕಬೇಕು. ಇದನ್ನು ಮರೆತು, ಮೆನು ಕಾಣುತ್ತಲೇ ಇಲ್ಲ ಎಂದು ಪರದಾಡುವವರೇ ಜಾಸ್ತಿ. ಅಲ್ಲೇ ಮೇಲೆ ಹೊಸ ಪುಟಗಳನ್ನು ತಾನಾಗಿ ಸೇರಿಸುವ ಆಯ್ಕೆ ಇದೆ. ಅದಕ್ಕೆ ಟಿಕ್ ಬೇಡ. ಆಮೇಲೆ ಸೇವ್ ಮಾಡಿ. ಮೆನುವಿನಿಂದ ಒಂದು ಐಟಂ ತೆಗೆದರೆ ಪುಟವೇನೂ ಅಳಿಸಿಹೋಗುವುದಿಲ್ಲ, ಹೆದರಬೇಡಿ.

ಬ್ಲಾಕ್ ಥೀಮ್ ಆದರೆ

'ಅಪಿಯರೆನ್ಸ್', 'ಎಡಿಟರ್' ಒತ್ತಿ ಒಳಗೆ ಹೋಗಿ, ಮೇಲಿನ ಮೆನು ಮೇಲೆ ಕ್ಲಿಕ್ ಮಾಡಿ 'ನ್ಯಾವಿಗೇಶನ್' ಬ್ಲಾಕ್ ಆರಿಸಿ. ಬಲಗಡೆ ಪಟ್ಟಿಯಲ್ಲಿ ಎಲ್ಲ ಐಟಂಗಳೂ ಕಾಣುತ್ತವೆ. ಅಲ್ಲಿ 'ಪೇಜ್ ಲಿಸ್ಟ್' ಎಂದು ಒಂದೇ ಇದ್ದರೆ, ನಿಮ್ಮ ಪುಟಗಳನ್ನೆಲ್ಲ ವರ್ಡ್‌ಪ್ರೆಸ್ ತಾನೇ ತುಂಬುತ್ತಿದೆ ಎಂದರ್ಥ. ಅದನ್ನು ಆರಿಸಿ 'ಎಡಿಟ್' ಒತ್ತಿದರೆ ಬಿಡಿ ಬಿಡಿ ಕೊಂಡಿಗಳಾಗುತ್ತವೆ. ಅಲ್ಲಿಂದ ಮುಂದೆ ಹೊಸ ಪುಟ ಮಾಡಿದಾಗ ಅದನ್ನು ನೀವೇ ಸೇರಿಸಬೇಕು.

ಈಗ 'ನಮ್ಮ ಸಂಘ'ದ ಪಕ್ಕದ ಮೂರು ಚುಕ್ಕೆ ಒತ್ತಿ, ಸಬ್‌ಮೆನು ಸೇರಿಸುವ ಆಯ್ಕೆ ಆರಿಸಿ, ಪುಟದ ಹೆಸರು ಹುಡುಕಿ ಹಾಕಿ. ಇಷ್ಟೇ. ಸೇವ್ ಮಾಡುವಾಗ ಒಂದು ನೆನಪಿರಲಿ. ಅದೇ ಮೆನು ಬೇರೆ ಪುಟಗಳ ತಲೆಬರಹದಲ್ಲೂ ಇದ್ದರೆ ಅಲ್ಲೂ ಬದಲಾಗುತ್ತದೆ.

ಬ್ಲಾಕ್‌ನ ಸೆಟ್ಟಿಂಗ್‌ನಲ್ಲಿ 'ಓಪನ್ ಆನ್ ಕ್ಲಿಕ್' ಎಂಬ ಆಯ್ಕೆ ಸಿಗುತ್ತದೆ. ನನ್ನ ಓಟು ಅದಕ್ಕೇ. ಮೌಸ್ ಸುಮ್ಮನೆ ಹಾದುಹೋದಾಗಲೆಲ್ಲ ಪಟ್ಟಿ ಬಿಚ್ಚಿಕೊಳ್ಳುವುದಿಲ್ಲ, ಒತ್ತಿದರಷ್ಟೇ ತೆರೆಯುತ್ತದೆ. ಆದರೆ ಇದಕ್ಕೊಂದು ಬೆಲೆ ಇದೆ. 'ನಮ್ಮ ಸಂಘ' ಆಗ ಕೊಂಡಿಯಾಗಿ ಉಳಿಯದೆ ಬಟನ್ ಆಗುತ್ತದೆ. ಆ ಹೆಸರಿನ ಪುಟ ನಿಜವಾಗಿ ಇದ್ದರೆ ಅದಕ್ಕೆ ದಾರಿಯೇ ಇರುವುದಿಲ್ಲ. 'ಪರಿಚಯ' ಎಂಬ ಹೆಸರಿನಲ್ಲಿ ಆ ಪುಟವನ್ನೇ ಪಟ್ಟಿಯ ಮೊದಲ ಐಟಂ ಮಾಡಿಬಿಡಿ.

ಕನ್ನಡದ ಮೆನು, ಇಂಗ್ಲಿಷಿನ ಅಂಗಿ

ಹೆಚ್ಚಿನ ಥೀಮ್‌ಗಳನ್ನು ಇಂಗ್ಲಿಷ್ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಮೆನು ಹೆಸರುಗಳಿಗೆ ಎರಡು ಅಕ್ಷರದ ನಡುವೆ ಜಾಗ ಬಿಡುವುದು ಅಲ್ಲಿ ಫ್ಯಾಷನ್. ಕನ್ನಡಕ್ಕೆ ಅದೇ ಹಾಕಿದರೆ 'ಸ ದ ಸ್ಯ ತ್ವ' ಎಂದು ಹಲ್ಲು ಕಿತ್ತಂತೆ ಕಾಣುತ್ತದೆ. 'ಲೆಟರ್ ಸ್ಪೇಸಿಂಗ್' ಸೊನ್ನೆ ಮಾಡಿ.

ಒತ್ತಕ್ಷರದ ಕಥೆ ಇನ್ನೊಂದು. ಸಾಲಿನ ಎತ್ತರ, ಅಂದರೆ 'ಲೈನ್ ಹೈಟ್', 1.2ರಷ್ಟು ಇಟ್ಟಿರುವ ಥೀಮ್‌ನಲ್ಲಿ 'ರಾಜ್ಯೋತ್ಸವ'ದ ಕೆಳಗಿನ ಒತ್ತುಗಳು ಕೆಲವೊಮ್ಮೆ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಇಲ್ಲವೇ ಕೆಳಗಿನ ಸಾಲಿಗೆ ತಾಗುತ್ತವೆ. 1.6 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ನೋಡಿ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ನಮ್ಮ ಪದಗಳು ಉದ್ದ, ಅಲ್ವಾ? ಪುಟದ ಹೆಸರು 'ಕಾರ್ಯಕಾರಿ ಸಮಿತಿ ಮತ್ತು ಪದಾಧಿಕಾರಿಗಳು' ಎಂದೇ ಇರಲಿ. ಮೆನುವಿನಲ್ಲಿ 'ಸಮಿತಿ' ಎಂದರೆ ಸಾಕು. ಕ್ಲಾಸಿಕ್ ಥೀಮ್‌ನಲ್ಲಿ 'ನ್ಯಾವಿಗೇಶನ್ ಲೇಬಲ್' ಬದಲಿಸಿದರೆ ಪುಟದ ಹೆಸರು ಹಾಗೇ ಉಳಿಯುತ್ತದೆ.

ಪುಟದ ವಿಳಾಸದ ಕೊನೆಯ ಭಾಗ, ಅಂದರೆ 'ಸ್ಲಗ್', ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಇದಕ್ಕೆ ಕಾರಣ ಭಾಷಾಪ್ರೇಮದ ಕೊರತೆಯಲ್ಲ, ಲೆಕ್ಕಾಚಾರ. ಯುನಿಕೋಡ್‌ನಲ್ಲಿ ಅಕ್ಷರ, ಕಾಗುಣಿತದ ಗುರುತು, ಒತ್ತು ಮೂಡಿಸುವ ಹಲಂತ ಗುರುತು (್) ಎಲ್ಲ ಬೇರೆ ಬೇರೆ ಎಣಿಕೆ. ಒಂದೊಂದಕ್ಕೂ 3 ಬೈಟ್. ವಿಳಾಸದಲ್ಲಿ ಅದು ಶೇಕಡಾ ಗುರುತುಗಳ ಸಮೇತ 9 ಜಾಗ ತಿನ್ನುತ್ತದೆ. 'ಕಾರ್ಯಕಾರಿ ಸಮಿತಿ' ಎಂಬ ಎರಡು ಪದಕ್ಕೇ 127 ಜಾಗ ಬೇಕು. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಟ್ಟಿರುವ ಮಿತಿ 200. ಮೂರನೇ ಪದ ಉದ್ದವಾಗಿದ್ದರೆ ನಡುವೆ ಎಲ್ಲೋ ತುಂಡಾಗುತ್ತದೆ. ಆ ಕೊಂಡಿಯನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ನೋಡಲಿಕ್ಕೂ ಚೆನ್ನಾಗಿರುವುದಿಲ್ಲ.

ಫೋನಿನಲ್ಲಿ, ಕೀಬೋರ್ಡಿನಲ್ಲಿ ನೋಡಿ

ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿತು ಎಂದು ಬಿಟ್ಟುಬಿಡಬೇಡಿ. ಬೆರಳಿಗೆ 'ಮೇಲೆ ಹಾಯುವುದು' ಎಂಬುದೇ ಇಲ್ಲ, ಇರುವುದು ಒತ್ತುವುದು ಮಾತ್ರ. ಫೋನಿನಲ್ಲಿ 'ನಮ್ಮ ಸಂಘ' ಒತ್ತಿದಾಗ ಪಟ್ಟಿ ತೆರೆಯಿತೋ, ನೇರ ಪುಟಕ್ಕೆ ಹಾರಿತೋ ನೋಡಿ. ಹಾರಿದರೆ ಕೆಳಗಿನ ಪುಟಗಳು ಫೋನಿನವರ ಪಾಲಿಗೆ ಇಲ್ಲ ಎಂದೇ ಲೆಕ್ಕ. ಬ್ಲಾಕ್ ಥೀಮ್‌ನ ಮೂರು ಗೆರೆಯ ಮೊಬೈಲ್ ಮೆನುವಿನಲ್ಲಿ ಸಬ್‌ಮೆನುಗಳು ಮೊದಲೇ ಬಿಚ್ಚಿಕೊಂಡು ಬರುತ್ತವೆ. ಪಟ್ಟಿ ಉದ್ದವಾದರೆ ಅಲ್ಲಿ ಗೊತ್ತಾಗಿಬಿಡುತ್ತದೆ.

ಆಮೇಲೆ ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀ ಒತ್ತುತ್ತಾ ಹೋಗಿ. ದೃಷ್ಟಿ ಇಲ್ಲದವರು, ಕೈ ನಡುಗುವವರು ವೆಬ್‌ಸೈಟ್ ಬಳಸುವುದು ಹೀಗೇ. ಪ್ರತಿ ಐಟಂಗೂ ಗುರುತು ಬೀಳಬೇಕು, ಡ್ರಾಪ್‌ಡೌನ್ ತೆರೆಯಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಆಗದಿದ್ದರೆ ಥೀಮ್ ಬದಲಿಸುವುದೇ ಸುಲಭದ ದಾರಿ. ವರ್ಡ್‌ಪ್ರೆಸ್‌ನ ಥೀಮ್ ಭಂಡಾರದಲ್ಲಿ 'ಆ್ಯಕ್ಸೆಸಿಬಿಲಿಟಿ ರೆಡಿ' ಎಂಬ ಗುರುತಿನಿಂದ ಸೋಸಿ ಹುಡುಕಬಹುದು.

ಮೆನು ಕಾಣದಿದ್ದರೆ

ಬದಲಾವಣೆ ಮಾಡಿದರೂ ಹಳೆಯದೇ ಕಾಣುತ್ತಿದ್ದರೆ ಮೊದಲ ಅನುಮಾನ ಕ್ಯಾಶ್ ಮೇಲೆ, ಅಂದರೆ ಬೇಗ ತೋರಿಸಲು ಉಳಿಸಿಟ್ಟ ಹಳೆಯ ಪ್ರತಿಯ ಮೇಲೆ. ಕ್ಯಾಶ್ ಪ್ಲಗಿನ್ ಇದ್ದರೆ ಖಾಲಿ ಮಾಡಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿ. ಪಟ್ಟಿ ತೆರೆದರೂ ಕೆಳಗಿನ ಸ್ಲೈಡರ್ ಚಿತ್ರದ ಹಿಂದೆ ಅಡಗುತ್ತಿದ್ದರೆ ಅದು 'ಝಡ್ ಇಂಡೆಕ್ಸ್' (ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವ ಸಂಖ್ಯೆ) ತಕರಾರು. ತಲೆಬರಹದ ಪಟ್ಟಿಗೆ ಸ್ಲೈಡರ್‌ಗಿಂತ ದೊಡ್ಡ ಸಂಖ್ಯೆ ಕೊಡಬೇಕು. ಮೊದಲ ಐಟಂ ಅರ್ಧ ಕಂಡು ಉಳಿದದ್ದು ಮಾಯವಾದರೆ, ತಲೆಬರಹದ ಡಬ್ಬಿಗೆ 'ಓವರ್‌ಫ್ಲೋ ಹಿಡನ್' (ಡಬ್ಬಿಯ ಹೊರಗೆ ಚಾಚಿದ್ದನ್ನು ಮರೆಮಾಡು ಎಂಬ ಸೂಚನೆ) ಇದೆಯೇ ನೋಡಿ, 'ವಿಸಿಬಲ್' ಮಾಡಿ.

ಇಂಥ ತಿದ್ದುಪಡಿಗಳಿಗಷ್ಟೇ ಒಂದೆರಡು ಸಾಲು ಸಿಎಸ್ಎಸ್ (ಪುಟದ ರೂಪ ಹೇಳುವ ಕೋಡ್) ಬೇಕು, ಅದನ್ನು 'ಅಡಿಶನಲ್ ಸಿಎಸ್ಎಸ್'ನಲ್ಲೇ ಬರೆಯಿರಿ. ಕ್ಲಾಸಿಕ್ ಥೀಮ್‌ನಲ್ಲಿ ಅದು 'ಕಸ್ಟಮೈಸ್' ಒಳಗೆ, ಬ್ಲಾಕ್ ಥೀಮ್‌ನಲ್ಲಿ ಎಡಿಟರ್‌ನ 'ಸ್ಟೈಲ್ಸ್' ಒಳಗೆ ಸಿಗುತ್ತದೆ. ಥೀಮ್‌ನ ಫೈಲನ್ನೇ ತೆರೆದು ತಿದ್ದಿದರೆ ಮುಂದಿನ ಅಪ್‌ಡೇಟ್ ಬಂದ ದಿನ ಎಲ್ಲವೂ ಅಳಿಸಿಹೋಗುತ್ತದೆ.