ಮಕ್ಕಳ ಜೊತೆ ಕಾರಲ್ಲಿ ಆಲ್ಪ್ಸ್ ಸುತ್ತುವುದಾದರೆ

ಮೊದಲು ತಿಂಗಳು ನೋಡಿ. ನಮ್ಮ ಉಡುಪಿಯ ಶಾಲೆಗಳಿಗೆ ದೊಡ್ಡ ರಜೆ ಏಪ್ರಿಲ್-ಮೇಯಲ್ಲಿ, ಆದರೆ ಇಟಲಿಯ ಸ್ಟೆಲ್ವಿಯೋ, ಸ್ವಿಟ್ಜರ್ಲೆಂಡಿನ ಫುರ್ಕಾದಂಥ ಎತ್ತರದ ಘಾಟಿಗಳು ಆಗ ಸಾಮಾನ್ಯವಾಗಿ ಹಿಮ ತುಂಬಿ ಮುಚ್ಚಿರುತ್ತವೆ, ತೆರೆಯುವಾಗ ಜೂನ್ ಬಂದಿರುತ್ತದೆ. ಹಾಗಾಗಿ ದಸರಾ ರಜೆಯೇ ವಾಸಿ, ಅದೂ ಅಕ್ಟೋಬರ್ ಶುರುವಿಗೇ ಬಿದ್ದರೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾಗೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಊರಿನ ಲೈಸೆನ್ಸೂ ಜೊತೆಗಿರಲಿ. ಸ್ವಿಸ್ ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಟೋಲ್ ಚೀಟಿ ಬೇಕು, ಅದು ವರ್ಷದ್ದು ಮಾತ್ರ ಸಿಗುವುದು. ಆಸ್ಟ್ರಿಯಾದಲ್ಲಿ 10 ದಿನದ್ದೂ ಸಿಗುತ್ತದೆ. ಅಜ್ಜಿ ಕೊಟ್ಟ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ, ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ಬಿಡುವುದಿಲ್ಲ.

ಸ್ಟೆಲ್ವಿಯೋದ ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವು. ಆಗುಂಬೆಯ 14ಕ್ಕೇ ನನ್ನ ಮಗಳು ಮೊಬೈಲ್ ನೋಡುತ್ತಾ ಹೋಗಿ, ಬೆಳಿಗ್ಗೆ ತಿಂದ ಬನ್ಸ್ ಅಷ್ಟನ್ನೂ ಕಾರಿನ ಬಾಗಿಲಿಗೆ ಬಳಿದಿದ್ದಳು! ಅದಕ್ಕೇ ಹೇಳುವುದು, ಘಾಟಿ ಹತ್ತುವ ದಿನ ತಿಂಡಿ ಕಡಿಮೆ, ಮೊಬೈಲ್ ಒಳಗೆ, ಹೊಟ್ಟೆ ತೊಳಸುವವರು ಮುಂದಿನ ಸೀಟಿಗೆ. ಇಳಿಯುವಾಗ ಸುಮ್ನೆ ಬ್ರೇಕ್ ಒತ್ತುತ್ತಲೇ ಇರಬೇಡಿ, ಎರಡನೇ ಗೇರಿಗೆ ಹಾಕಿ. ದಿನಕ್ಕೆ 4 ಗಂಟೆಗಿಂತ ಜಾಸ್ತಿ ಓಡಿಸಿದರೆ ಹಿಂದಿನ ಸೀಟಿನಲ್ಲಿ ಯುದ್ಧ ಗ್ಯಾರಂಟಿ. ಒಂದು ದಿನದ ರೂಟ್ ಪೂರ್ತಿ ಮಕ್ಕಳೇ ಹಾಕಲಿ, ದಾರಿ ತಪ್ಪಿದರೂ ಬೈಯುವಂತಿಲ್ಲ.